ಹೊಟ್ಟೆ ಕೆಟ್ಟ ದಿನವೇ ಹೇಳಬೇಕು: ದೊಡ್ಡಮ್ಮನ ಕಿವಿಮಾತು

ಮಗಳೇ,

ನಿಮ್ಮಪ್ಪನಿಗೆ ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಜೊತೆಗೆ ಪೆಂಬ್ರೋಲಿಜುಮ್ಯಾಬ್ ಕೊಡುತ್ತಾರೆ, 21 ದಿನಕ್ಕೊಮ್ಮೆ ಡ್ರಿಪ್ ಎಂದು ಫೋನಿನಲ್ಲಿ ಹೇಳಿದೆ. ಕೂದಲು ಉದುರುತ್ತದಾ, ಸುಸ್ತಾಗುತ್ತದಾ, ಖರ್ಚು ಎಷ್ಟಾಗುತ್ತದೆ ಎಂದೆಲ್ಲ ಕೇಳಿದೆ. ಹೊಟ್ಟೆಯ ಮಾತು ಬರಲೇ ಇಲ್ಲ. ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸಾಗಿ ದುಡಿದವಳು. ನಿವೃತ್ತಿಯಾದ ಮೇಲೆ ನಿಮ್ಮ ದೊಡ್ಡಪ್ಪನಿಗೂ ಇದೇ ಜಾತಿಯ ಔಷಧ ನಡೆದಾಗ ಮನೆಯಲ್ಲಿ ನೋಡಿಕೊಂಡವಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಡಾಕ್ಟರ ಮಾತಿನ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡ, ಅದರ ಪಕ್ಕದಲ್ಲಿ ಇಟ್ಟುಕೊ.

• ಕೀಮೋ ಭೇದಿ ಬೇರೆ, ಇಮ್ಯುನೋಥೆರಪಿ ಭೇದಿ ಬೇರೆ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೀಮೋ ಕೊಲ್ಲುತ್ತದೆ; ಕರುಳಿನ ಒಳಪದರವೂ ಬೇಗ ಬೆಳೆಯುವಂಥದ್ದೇ, ಹಾಗಾಗಿ ಅದಕ್ಕೂ ಪೆಟ್ಟು ಬೀಳುತ್ತದೆ. ಪೆಂಬ್ರೋಲಿಜುಮ್ಯಾಬ್, ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಮಾಡುವ ಕೆಲಸ ಇದಲ್ಲ. ನಮ್ಮ ರೋಗನಿರೋಧಕ ಶಕ್ತಿಗೆ ದೇಹವೇ ಒಂದು ತಡೆ ಇಟ್ಟಿರುತ್ತದೆ. ಈ ಔಷಧಗಳು ಆ ತಡೆಯನ್ನು ತೆಗೆಯುತ್ತವೆ. ಅಂಥ ತಡೆಗಳು ಇವೆಯೆಂದೂ ಅವನ್ನು ತೆಗೆದರೆ ಕ್ಯಾನ್ಸರನ್ನು ಎದುರಿಸಬಹುದೆಂದೂ ತೋರಿಸಿಕೊಟ್ಟಿದ್ದಕ್ಕೆ ಅಮೆರಿಕದ ಜೇಮ್ಸ್ ಅಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ತಡೆ ಇಲ್ಲದಾದಾಗ ರಕ್ಷಣೆಗೆ ನಿಂತ ಕಣಗಳು ಕೆಲವರಲ್ಲಿ ಸ್ವಂತ ಕರುಳಿನ ಮೇಲೇ ಬೀಳುತ್ತವೆ. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಆಗ ಕರುಳು ಕೆಂಪೇರಿ, ಊದಿ, ಹುಣ್ಣಾಗುತ್ತದೆ. ಇದಕ್ಕೆ ಕೊಲೈಟಿಸ್ ಎನ್ನುತ್ತಾರೆ. ಭೇದಿ ನಿಲ್ಲಿಸುವ ಮಾತ್ರೆಗೆ ಇದು ಬಗ್ಗುವುದಿಲ್ಲ.

• ಹೆದರಿಸುತ್ತಿದ್ದೇನೆ ಎಂದುಕೊಳ್ಳಬೇಡ. ನಿಮ್ಮಪ್ಪನಿಗೆ ಕೊಡುವಂಥ ಔಷಧ ಒಂದನ್ನೇ ತೆಗೆದುಕೊಂಡವರಲ್ಲಿ ನಿಜವಾದ ಕೊಲೈಟಿಸ್ ಆಗುವುದು ನೂರಕ್ಕೆ ಒಂದರಿಂದ ನಾಲ್ಕು ಜನರಿಗೆ. ಬರೀ ಭೇದಿ ಅದಕ್ಕಿಂತ ಹೆಚ್ಚು ಜನರಿಗೆ ಆಗುತ್ತದೆ. ಇಪಿಲಿಮುಮ್ಯಾಬ್ ಕೊಟ್ಟವರಲ್ಲಿ, ಅದರಲ್ಲೂ ಎರಡು ಇಮ್ಯುನೋಥೆರಪಿ ಔಷಧ ಜೊತೆಯಲ್ಲಿ ಕೊಟ್ಟವರಲ್ಲಿ, ಕರುಳಿನ ಕಾಟ ಬಹಳ ಹೆಚ್ಚು. ಆದ್ದರಿಂದ ಯಾವ ಔಷಧ ಎಂದು ಹೆಸರು ಹಿಡಿದು ಕೇಳಿ ಬರೆದುಕೊ. "ಇಮ್ಯುನೋ ಕೊಟ್ಟಿದ್ದಾರೆ" ಎಂದರೆ ಸಾಲದು.

• ಯಾವಾಗ ಬರುತ್ತದೆ? ಸಾಮಾನ್ಯವಾಗಿ ಶುರುವಾಗಿ ಆರೆಂಟು ವಾರಕ್ಕೆ. ಆದರೆ ಮೊದಲ ಡೋಸಿಗೇ ಬಂದದ್ದೂ ಇದೆ, ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೆ ಬಂದದ್ದೂ ಇದೆ. ಒಂದು ಡೋಸಿನ ಅರ್ಧ ಭಾಗ ಮೈಯಿಂದ ಹೋಗುವುದಕ್ಕೇ ಸುಮಾರು 22 ದಿನ ಬೇಕು, ಅದರ ಪ್ರಭಾವ ಇನ್ನೂ ದೀರ್ಘ. "ಇಂಜೆಕ್ಷನ್ ನಿಲ್ಲಿಸಿ ಎಷ್ಟೋ ದಿನ ಆಯಿತಲ್ಲ, ಇದು ಅದರದ್ದಲ್ಲ" ಎಂದು ಮನೆಯಲ್ಲೇ ತೀರ್ಪು ಕೊಡಬೇಡಿ.

• ಮೊದಲ ಡೋಸಿಗೆ ಮುಂಚೆಯೇ ಒಂದು ನೋಟ್‌ಬುಕ್ ತೆಗೆದಿಡು. ನಿಮ್ಮಪ್ಪ ಮಾಮೂಲಿಯಾಗಿ ದಿನಕ್ಕೆ ಎಷ್ಟು ಸಲ ಎರಡಕ್ಕೆ ಹೋಗುತ್ತಾರೆ, ಬರೆ. ಒಂದು ಸಲವೋ, ಎರಡು ಸಲವೋ, ಎರಡು ದಿನಕ್ಕೊಮ್ಮೆಯೋ. ಡಾಕ್ಟರು ಲೆಕ್ಕ ಹಾಕುವುದು "ಮಾಮೂಲಿಗಿಂತ ಎಷ್ಟು ಹೆಚ್ಚು" ಎಂಬುದರ ಮೇಲೆ. ಮಾಮೂಲಿಗಿಂತ ಮೂರು ಸಲದವರೆಗೆ ಹೆಚ್ಚಾದರೆ ಮೊದಲ ಹಂತ. 4ರಿಂದ 6 ಸಲ ಹೆಚ್ಚಾದರೆ ಎರಡನೆಯದು. 7 ಅಥವಾ ಅದಕ್ಕೂ ಹೆಚ್ಚಾದರೆ ಮೂರನೆಯದು, ಆಗ ಆಸ್ಪತ್ರೆಗೆ ಸೇರಿಸಬೇಕು. ಫೋನಿನಲ್ಲಿ "ತುಂಬಾ ಲೂಸ್ ಮೋಷನ್ ಸಿಸ್ಟರ್" ಎಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. "ಮಾಮೂಲಿ ಒಂದು ಸಲ, ನಿನ್ನೆ ಐದು, ಇವತ್ತು ಮಧ್ಯಾಹ್ನಕ್ಕೇ ಆರು, ನೀರುನೀರು, ಆಮ ಇದೆ, ರಕ್ತ ಇಲ್ಲ, ಜ್ವರ ಇಲ್ಲ" ಎಂದು ಹೇಳು. ಅರ್ಧ ನಿಮಿಷದಲ್ಲಿ ನಿರ್ಧಾರವಾಗುತ್ತದೆ.

• ಮೊದಲ ಹಂತದಲ್ಲೇ ಫೋನ್ ಮಾಡು, ಅದೇ ದಿನ. ನಾನು ಈ ಕಾಗದ ಬರೆಯುತ್ತಿರುವುದೇ ಈ ಒಂದು ಮಾತಿಗೆ. ಮೊದಲ ಹಂತದಲ್ಲಿ ಹೇಳಿದವರಿಗೆ ಎಷ್ಟೋ ಸಲ ನೀರು, ಪಥ್ಯ, ಒಂದೆರಡು ಪರೀಕ್ಷೆಯಲ್ಲೇ ಮುಗಿಯುತ್ತದೆ. ಮೂರನೆಯ ಹಂತದವರೆಗೆ ಕಾದು ಬಂದವರಿಗೆ ಡ್ರಿಪ್ಪು, ನರಕ್ಕೆ ಸ್ಟಿರಾಯ್ಡು, ದಿನಗಟ್ಟಲೆ ವಾರ್ಡು.

• ಕೆಲವು ಸಂದರ್ಭದಲ್ಲಿ ಫೋನ್ ಮಾಡುತ್ತ ಕೂರಬಾರದು, ನೇರ ಗಾಡಿ ಹತ್ತಿಸಬೇಕು. ಮಲದಲ್ಲಿ ರಕ್ತ, ಅಥವಾ ಟಾರಿನಂತೆ ಕಪ್ಪು ಮಲ. ಹೊಟ್ಟೆ ಇದ್ದಕ್ಕಿದ್ದಂತೆ ಜೋರಾಗಿ ನೋಯುವುದು, ಮುಟ್ಟಿದರೆ ಗಟ್ಟಿ. ಕುಡಿದದ್ದೆಲ್ಲ ವಾಂತಿ. ಎದ್ದು ನಿಂತರೆ ಕಣ್ಣು ಕತ್ತಲೆ, ಆರೆಂಟು ಗಂಟೆಯಿಂದ ಮೂತ್ರವೇ ಇಲ್ಲ, ಮಾತು ತೊದಲುವುದು. ಕೀಮೋ ಕೂಡ ನಡೆಯುತ್ತಿರುವುದರಿಂದ ಇನ್ನೊಂದು: ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ರಾತ್ರಿ ಎರಡು ಗಂಟೆಯಾದರೂ ಸರಿ, ಬೆಳಗಾಗಲಿ ಎನ್ನಬೇಡ. ಬಿಳಿ ರಕ್ತಕಣ ಕಡಿಮೆಯಾಗಿದ್ದಾಗ ಜ್ವರದ ಜೊತೆ ಭೇದಿ ಸೇರಿದರೆ ಗಂಟೆಗಳಲ್ಲಿ ಕೈ ಮೀರುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡ. ನಿನ್ನೆಯ ಊಟ ಆಗಿಬರಲಿಲ್ಲ ಎಂದು ಅದನ್ನು ತಳ್ಳಿಹಾಕಲಾಗದು.

• ಮೆಡಿಕಲ್ ಶಾಪಿಗೆ ಹೋಗಿ "ಲೂಸ್ ಮೋಷನ್‌ಗೆ ಏನಾದರೂ ಕೊಡಿ" ಎನ್ನುವ ನಮ್ಮ ಅಭ್ಯಾಸ ಇದೆಯಲ್ಲ, ಅದನ್ನು ಈ ಮನೆಯಲ್ಲಿ ಸದ್ಯಕ್ಕೆ ಬಿಟ್ಟುಬಿಡಿ. ಲೋಪೆರಮೈಡ್ ಮಾತ್ರೆ ಎಣಿಕೆಯನ್ನು ಕಡಿಮೆ ಮಾಡುತ್ತದೆ, ಒಳಗಿನ ಉರಿಯೂತವನ್ನು ಕಡಿಮೆ ಮಾಡುವುದಿಲ್ಲ. ಎಣಿಕೆ ಇಳಿಯಿತೆಂದು ನೀವು ಸಮಾಧಾನದಲ್ಲಿರುತ್ತೀರಿ, ಕರುಳು ಹುಣ್ಣಾಗುತ್ತಿರುತ್ತದೆ. ಡಾಕ್ಟರು ನೋಡಿ ಕೊಟ್ಟರೆ ಆ ಮಾತು ಬೇರೆ. ಆಂಟಿಬಯೋಟಿಕ್ಕೂ ಹಾಗೇ. ಬೇಕಾದಾಗ ಬೇಕೇ ಬೇಕು, ಸುಮ್ಮಸುಮ್ಮನೆ ನುಂಗಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಇಮ್ಯುನೋಥೆರಪಿಯ ಫಲವೂ ಕಡಿಮೆ ಕಂಡಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಹಾಗೆಯೇ, ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ ನಿಜವಾಗಿ ಬೇಕೋ ಬೇಡವೋ ಎಂದು ಒಮ್ಮೆ ಕೇಳು. ಡಾಕ್ಟರು ಬೇಕು ಎಂದರೆ ಮುಂದುವರಿಸಿ.

• ಮಲ ಪರೀಕ್ಷೆಗೆ ಬರೆದುಕೊಟ್ಟರೆ ಬೇಸರಪಡಬೇಡಿ. ನಮ್ಮ ಕಡೆ ಅಮೀಬಾ, ಜಂತುಹುಳು, ಕೆಟ್ಟ ನೀರಿನ ಸೋಂಕು ಎಲ್ಲವೂ ಇವೆ. ಅವು ಇದ್ದು, ಗೊತ್ತಾಗದೆ ಸ್ಟಿರಾಯ್ಡ್ ಕೊಟ್ಟರೆ ಅನಾಹುತ. ಹಾಗಾಗಿ ಮೊದಲು ಸೋಂಕು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಕ್ಯಾಲ್ಪ್ರೊಟೆಕ್ಟಿನ್ ಎಂಬ ಇನ್ನೊಂದು ಪರೀಕ್ಷೆ ಕರುಳಿನಲ್ಲಿ ಉರಿಯೂತ ಎಷ್ಟಿದೆ ಎಂದು ತಿಳಿಸುತ್ತದೆ. ಬೇಕೆನಿಸಿದರೆ ಸಣ್ಣ ಕೊಳವೆ ಹಾಕಿ ಕರುಳಿನ ಕೊನೆಯ ಭಾಗ ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನಿಮ್ಮಪ್ಪ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರಲ್ಲ, ಅದರಿಂದಲೂ ಕೆಲವರಿಗೆ ಹೊಟ್ಟೆ ಸಡಿಲವಾಗುತ್ತದೆ. ಅದನ್ನೂ ಮರೆಯದೆ ಹೇಳು.

• ನೀರು. ಪ್ರತಿ ಸಲ ಹೋಗಿ ಬಂದ ಮೇಲೆ ಒಂದು ಲೋಟ ಓಆರ್‌ಎಸ್, ಗಟಗಟನೆ ಅಲ್ಲ, ಗುಟುಕು ಗುಟುಕಾಗಿ. ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟೇ ನೀರಿಗೆ ಕರಗಿಸು. ರುಚಿಗೆಂದು ಹೆಚ್ಚು ಸಕ್ಕರೆ ಹಾಕಿದರೆ ಭೇದಿ ಜಾಸ್ತಿಯಾಗುತ್ತದೆ. 24 ಗಂಟೆ ಕಳೆದರೆ ಚೆಲ್ಲು. ಪ್ಯಾಕೆಟ್ ಇಲ್ಲದ ಹೊತ್ತಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಅಂಗಡಿಯಲ್ಲಿ ಹಣ್ಣಿನ ರುಚಿಯ ಡಬ್ಬಿಗಳು ಸಿಗುತ್ತವೆ, ಅವು ಸಕ್ಕರೆ ಪಾನಕ, ಓಆರ್‌ಎಸ್ ಅಲ್ಲ. ಒಂದು ಪುಡಿ ಪ್ಯಾಕೆಟ್ಟಿನಿಂದ ಏನಾದೀತು ಎನ್ನುವವರಿದ್ದಾರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಬಿಸ್ ಇದೇ ಉಪ್ಪು-ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಉಪ್ಪಿನಂಶ ಕಡಿಮೆ. ಅದೊಂದನ್ನೇ ನಂಬಬೇಡ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ ಎಷ್ಟು ನೀರು, ಎಷ್ಟು ಎಳನೀರು ಎಂದು ಕೇಳಿಯೇ ಕೊಡಬೇಕು. ಸಕ್ಕರೆ ಕಾಯಿಲೆಯವರಿಗೂ ಓಆರ್‌ಎಸ್ ಕೊಡಬಹುದು, ಶುಗರ್ ನೋಡಿಕೊಳ್ಳುತ್ತಿರಬೇಕು ಅಷ್ಟೆ.

• ಊಟದ ವಿಷಯ ನಿಮ್ಮಮ್ಮನಿಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಓದಿ ಹೇಳು. ಹೊಟ್ಟೆ ಕೆಟ್ಟಿರುವಾಗ ಮೂರು ಹೊತ್ತಿನ ದೊಡ್ಡ ಊಟ ಬಿಟ್ಟು ಆರು ಸಲ ಸ್ವಲ್ಪ ಸ್ವಲ್ಪ. ಅಕ್ಕಿ ಗಂಜಿ, ಸಬ್ಬಕ್ಕಿ ಗಂಜಿ, ಮೆತ್ತಗೆ ಬೆಂದ ಅನ್ನಕ್ಕೆ ಹೆಸರುಬೇಳೆ ತೊವ್ವೆ, ಬಿಸಿ ಇಡ್ಲಿ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಸೋರೆಕಾಯಿ, ಸೀಮೆಬದನೆ. ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ. ಮೊಟ್ಟೆ ತಿನ್ನುವವರಿಗೆ ಪೂರ್ತಿ ಬೆಂದ ಮೊಟ್ಟೆ. ಮೈಯಲ್ಲಿ ಮಾಂಸ ಕರಗುತ್ತಿರುತ್ತದೆ, ಪ್ರೋಟೀನ್ ಬೇಕು. ಒಗ್ಗರಣೆಗೆ ಜೀರಿಗೆ, ಚಿಟಿಕೆ ಇಂಗು ಸಾಕು. ಹಸಿಮೆಣಸಿನಕಾಯಿ, ಉಪ್ಪಿನಕಾಯಿ, ಕರಿದದ್ದು, ಹುರುಳಿ, ಕಡಲೆ, ಹಸಿ ತರಕಾರಿ, ಸೊಪ್ಪಿನ ಪಲ್ಯ, ಬಲವಾದ ಕಾಫಿ ಇವೆಲ್ಲ ಸ್ವಲ್ಪ ದಿನ ದೂರ. ರಾಗಿ ಮುದ್ದೆ ಇಲ್ಲದೆ ಊಟವೇ ಅಲ್ಲ ಎನ್ನುತ್ತಾರೆ ನಿಮ್ಮಪ್ಪ, ಗೊತ್ತು. ರಾಗಿಯಲ್ಲಿ ನಾರು ಹೆಚ್ಚು, ಈ ಹೊತ್ತಿಗೆ ಅದು ಕರುಳಿಗೆ ಭಾರ. ತಡೆಯಲಾಗದಿದ್ದರೆ ರಾಗಿಯನ್ನು ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿದ ರಾಗಿಹಾಲಿನ ತೆಳು ಸರಿ ಮಾಡಿಕೊಡಿ.

• ಹಾಲು ಬೇಡ. ಕರುಳು ಕೆರಳಿದಾಗ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಸ್ವಲ್ಪ ಕಾಲ ಕುಂದುತ್ತದೆ. ಕಾಯಿಸಿದ ಹಾಲಿನಿಂದ ಮನೆಯಲ್ಲೇ ಹೆಪ್ಪು ಹಾಕಿದ ಮೊಸರಿನ ತಿಳಿ ಮಜ್ಜಿಗೆ ಹೆಚ್ಚಿನವರಿಗೆ ಒಗ್ಗುತ್ತದೆ. ರಸ್ತೆಬದಿಯ ಮಜ್ಜಿಗೆ, ಕಬ್ಬಿನ ಹಾಲು, ಕತ್ತರಿಸಿಟ್ಟ ಹಣ್ಣು ಬೇಡವೇ ಬೇಡ.

• ಹೊಟ್ಟೆ ಸರಿಯಿರುವ ದಿನಗಳಲ್ಲಿ ಮಾತ್ರ ಇದಕ್ಕೆ ತಿರುಗುಮುರುಗು. ಮುದ್ದೆ, ಸೊಪ್ಪು, ಕಾಳು, ಹಣ್ಣು ಎಲ್ಲ ತಿನ್ನಲಿ. ಚರ್ಮದ ಮೆಲನೋಮ ಕ್ಯಾನ್ಸರಿಗೆ ಇಮ್ಯುನೋಥೆರಪಿ ಪಡೆದವರನ್ನು ಗಮನಿಸಿ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಸಾಕಷ್ಟು ನಾರು ತಿಂದವರಲ್ಲಿ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಅಂಗಡಿಯ ಪ್ರೊಬಯೋಟಿಕ್ ಮಾತ್ರೆ ನುಂಗಿದವರಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಆ ದುಬಾರಿ ಕ್ಯಾಪ್ಸೂಲುಗಳಿಗೆ ದುಡ್ಡು ಸುರಿಯಬೇಡ.

• ಇನ್ನು ಅಮೃತಬಳ್ಳಿ. ನೆಂಟರು ಬರುತ್ತಾರೆ, ಬರುವಾಗ ಕಷಾಯದ ಬಾಟಲಿ ತರುತ್ತಾರೆ. "ಇಮ್ಯುನಿಟಿ ಜಾಸ್ತಿ ಆಗುತ್ತೆ, ಕುಡಿಸಿ" ಎನ್ನುತ್ತಾರೆ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಕೋವಿಡ್ ಕಾಲದಲ್ಲಿ ಇದೇ ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡ ರೋಗಿಗಳ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ರೋಗನಿರೋಧಕ ಶಕ್ತಿ ಸ್ವಂತ ಲಿವರಿನ ಮೇಲೇ ತಿರುಗಿಬಿದ್ದ ಲಕ್ಷಣಗಳು ಅವರಲ್ಲಿ ಕಂಡಿದ್ದವು. ನಿಮ್ಮಪ್ಪನಿಗೆ ಕೊಡುವ ಔಷಧದ ಅಪಾಯವೂ ಅದೇ ಜಾತಿಯದು. ಎರಡೂ ಸೇರಿದರೆ ಲಿವರ್ ಕೆಟ್ಟಿದ್ದು ಯಾವುದರಿಂದ ಎಂದು ಡಾಕ್ಟರಿಗೂ ತಿಳಿಯುವುದಿಲ್ಲ; ಕ್ಯಾನ್ಸರಿನ ಔಷಧವನ್ನೇ ನಿಲ್ಲಿಸಬೇಕಾಗಬಹುದು. ಅಶ್ವಗಂಧ, ಅರಿಶಿನದ ಕ್ಯಾಪ್ಸೂಲ್‌ಗಳಿಂದಲೂ ಲಿವರಿಗೆ ಪೆಟ್ಟಾದ ವರದಿಗಳಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಏನೂ ಇಲ್ಲ. ಬಾಟಲಿ ತಂದವರ ಎದುರು ವಾದ ಬೇಡ, "ಡಾಕ್ಟರನ್ನು ಕೇಳಿ ಕೊಡುತ್ತೇವೆ ಅತ್ತೆ" ಎಂದು ಒಳಗಿಡು, ಕುಡಿಸಬೇಡ.

• ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಡಬೇಡ. ಕರುಳಿನ ಉರಿಯೂತಕ್ಕೂ ಈ ನೋವಿನ ಮಾತ್ರೆಗಳಿಗೂ ನಂಟಿದೆ. ಯಾವುದು ಕೊಡಬಹುದೆಂದು ಮೊದಲೇ ಕೇಳಿ ಬರೆದಿಟ್ಟುಕೊ.

• ಭೇದಿಯೊಂದೇ ಹೊಟ್ಟೆಯ ತೊಂದರೆ ಅಲ್ಲ. ಊಟ ಸೇರದಿರುವುದು, ವಾಂತಿ ಎಂದರೆ ನಾವು ಕೀಮೋ ತಲೆಗೆ ಕಟ್ಟಿ ಸುಮ್ಮನಾಗುತ್ತೇವೆ. ಕಣ್ಣು ಹಳದಿಯಾಗಿ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಬಲ ಪಕ್ಕೆಯ ಕೆಳಗೆ ನೋವಿದ್ದರೆ ಲಿವರ್. ಪ್ರತಿ ಡೋಸಿಗೆ ಮುಂಚೆ ಲಿವರಿನ ರಕ್ತಪರೀಕ್ಷೆ ಮಾಡಿಸುವುದು ಅದಕ್ಕೇ, ಒಂದೂ ತಪ್ಪಿಸಬೇಡ. ಮೇಲ್ಹೊಟ್ಟೆಯ ನೋವು ಬೆನ್ನಿಗೆ ಇರಿದಂತಾದರೆ ಮೇದೋಜೀರಕ. ವಾಂತಿಯ ಜೊತೆಗೆ ವಿಪರೀತ ಸುಸ್ತು, ಬಿಪಿ ಇಳಿತ, ತಲೆನೋವು ಇದ್ದರೆ ಪಿಟ್ಯುಟರಿ ಅಥವಾ ಅಡ್ರಿನಲ್ ಗ್ರಂಥಿಗೆ ಪೆಟ್ಟು ಬಿದ್ದಿರಬಹುದು. ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಏದುಸಿರು ಇದ್ದರೆ ಶುಗರ್ ಏಕಾಏಕಿ ಏರಿರಬಹುದು; ಇದು ಅಪರೂಪ, ಆದರೆ ಕಾಯುವಂಥದ್ದಲ್ಲ.

• ಮಲಬದ್ಧತೆ ಆದರೆ ನೋವಿನ ಮಾರ್ಫಿನ್, ಟ್ರಮಡಾಲ್ ಕಾರಣ ಇರಬಹುದು, ಥೈರಾಯ್ಡ್ ಇಳಿದಿರಲೂಬಹುದು. ಔಡಲೆಣ್ಣೆ ಕುಡಿಸುವ ಮೊದಲು ಕೇಳಿ.

• ಸ್ಟಿರಾಯ್ಡ್ ಎಂದ ತಕ್ಷಣ ಬೆಚ್ಚಬೇಡಿ. ತಿರುಗಿಬಿದ್ದ ರೋಗನಿರೋಧಕ ಶಕ್ತಿಯನ್ನು ಸಮಾಧಾನ ಮಾಡಲು ಇರುವ ಮೊದಲ ಔಷಧವೇ ಅದು. ಎರಡನೆಯ ಹಂತದಲ್ಲಿ ಸಾಮಾನ್ಯವಾಗಿ ದಿನಕ್ಕೆ ಮೈತೂಕದ ಕಿಲೋಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಶುರು ಮಾಡುತ್ತಾರೆ. ಒಂದೆರಡು ದಿನದಲ್ಲೇ ಭೇದಿ ಇಳಿಯಬಹುದು. ಅಲ್ಲೇ ಜನ ಎಡವುವುದು: "ವಾಸಿಯಾಯಿತಲ್ಲ" ಎಂದು ಮಾತ್ರೆ ಬಿಡುತ್ತಾರೆ. ಹಾಗೆ ಬಿಟ್ಟರೆ ಕೊಲೈಟಿಸ್ ಮರಳುತ್ತದೆ, ಮೈ ಕೂಡ ಕುಸಿಯುತ್ತದೆ. ನಾಲ್ಕರಿಂದ ಆರು ವಾರ ಸ್ವಲ್ಪಸ್ವಲ್ಪವೇ ಇಳಿಸುತ್ತ ಬರಬೇಕು. ಯಾವ ದಿನ ಎಷ್ಟು ಮಾತ್ರೆ ಎಂದು ಕ್ಯಾಲೆಂಡರಿನ ಮೇಲೆ ಬರೆ. ಬೆಳಗ್ಗೆ ತಿಂಡಿಯ ನಂತರ ಕೊಡು, ರಾತ್ರಿ ಕೊಟ್ಟರೆ ನಿದ್ದೆ ಬರುವುದಿಲ್ಲ. ಶುಗರ್ ಏರುತ್ತದೆ, ಮನೆಯ ಮೆಷಿನ್ನಿನಲ್ಲಿ ದಿನಾ ನೋಡು. ಇನ್ನೊಂದು ಎಚ್ಚರ: ಸ್ಟಿರಾಯ್ಡ್ ಒಳಗಿನ ನೋವನ್ನೂ ಜ್ವರವನ್ನೂ ಮುಚ್ಚಿಡುತ್ತದೆ. ಆ ದಿನಗಳಲ್ಲಿ ಸಣ್ಣ ಹೊಟ್ಟೆನೋವನ್ನೂ ದೊಡ್ಡದೆಂದೇ ತಿಳಿ.

• ಮೂರ್ನಾಲ್ಕು ದಿನ ಸ್ಟಿರಾಯ್ಡ್ ಕೊಟ್ಟರೂ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ವೆಡೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ಅದಕ್ಕೆ ಮುಂಚೆ ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ಮಲಗಿರುತ್ತದೆ. ಹಿಂದೆ ಯಾವಾಗಲಾದರೂ ಟಿಬಿಗೆ ಔಷಧ ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಿ.

• ಗಂಡಸರು ಇದನ್ನೆಲ್ಲ ಹೇಳುವುದಿಲ್ಲ. ಮಗಳ ಹತ್ತಿರ ಮಲದ ಮಾತು ಆಡಲು ನಿಮ್ಮಪ್ಪನಿಗೆ ಸಂಕೋಚ. ಅದಕ್ಕಿಂತ ದೊಡ್ಡದು ಭಯ: ಹೇಳಿದರೆ ಮುಂದಿನ ಡೋಸ್ ನಿಲ್ಲಿಸುತ್ತಾರೆ, ಕ್ಯಾನ್ಸರ್ ಬೆಳೆಯುತ್ತದೆ ಎಂದು. ವಾರ್ಡಿನಲ್ಲಿ ಈ ಭಯವನ್ನು ನಾನು ಬಹಳ ಮುಖಗಳಲ್ಲಿ ಕಂಡಿದ್ದೇನೆ. ಅವರಿಗೆ ನೀನು ಹೀಗೆ ತಿಳಿಸಿ ಹೇಳು: ಬೇಗ ಹಿಡಿದರೆ ಒಂದೆರಡು ಡೋಸ್ ಮುಂದಕ್ಕೆ ಹಾಕಿ, ಹೊಟ್ಟೆ ಸರಿಯಾದ ಮೇಲೆ ಮತ್ತೆ ಶುರು ಮಾಡಬಹುದು. ತಡಮಾಡಿ ತೀವ್ರವಾದರೆ ಆ ಔಷಧವನ್ನು ಶಾಶ್ವತವಾಗಿ ಬಿಡಬೇಕಾಗಬಹುದು. ಅಡ್ಡಪರಿಣಾಮ ಬಂತೆಂದು ಔಷಧ ಸೋತಿತು ಎಂದೂ ಅಲ್ಲ. ಅಡ್ಡಪರಿಣಾಮಕ್ಕಾಗಿ ಚಿಕಿತ್ಸೆ ನಿಲ್ಲಿಸಿದ ಎಷ್ಟೋ ಜನರಲ್ಲಿ ಕ್ಯಾನ್ಸರ್ ಹತೋಟಿಯಲ್ಲೇ ಉಳಿದಿದೆ. ನಿನ್ನ ಹತ್ತಿರ ಸಂಕೋಚವಾದರೆ ನಿಮ್ಮಮ್ಮ ಎಣಿಸಲಿ, ಇಲ್ಲವೇ ಅವರೇ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯಲಿ. ಬಾಯಿ ಬಿಡಬೇಕಾಗಿಲ್ಲ.

• ಭೇದಿ ಹೆಚ್ಚಾದ ದಿನ ಗುದದ ಸುತ್ತ ಚರ್ಮ ಕಿತ್ತು ಉರಿಯುತ್ತದೆ. ಕಾಗದದಿಂದ ಉಜ್ಜದೆ ಉಗುರು ಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತಗೆ ಒತ್ತಿ ಒರೆಸಿ, ವ್ಯಾಸಲೀನ್ ಹಚ್ಚಿ. ರಾತ್ರಿ ಪಾಯಿಖಾನೆಯ ದಾರಿಯಲ್ಲಿ ದೀಪ ಇರಲಿ, ಚಿಲಕ ಹಾಕಿಕೊಳ್ಳುವುದು ಬೇಡ. ಮೈಯಲ್ಲಿ ನೀರು ಕಡಿಮೆಯಾಗಿ ಬಿದ್ದು ಸೊಂಟ ಮುರಿದವರಿದ್ದಾರೆ.

• ಊರಿನ ಡಾಕ್ಟರಿಗೆ ಈ ಔಷಧ ಹೊಸದಿರಬಹುದು. ಅವರು ಸಾಮಾನ್ಯ ಭೇದಿ ಎಂದೇ ನೋಡುತ್ತಾರೆ, ತಪ್ಪು ಅವರದಲ್ಲ, ಹೇಳುವವರು ಹೇಳಿರುವುದಿಲ್ಲ. ಒಂದು ಗಟ್ಟಿ ಕಾಗದದ ಮೇಲೆ ಔಷಧದ ಹೆಸರು, ಕೊನೆಯ ಡೋಸಿನ ತಾರೀಕು, ಕ್ಯಾನ್ಸರ್ ಆಸ್ಪತ್ರೆಯ ಹಗಲು-ರಾತ್ರಿಯ ಫೋನ್ ನಂಬರ್ ಬರೆದು ನಿಮ್ಮಪ್ಪನ ಪರ್ಸಿನಲ್ಲಿ ಇಡು. "ಇವರು ಇಮ್ಯುನೋಥೆರಪಿಯಲ್ಲಿದ್ದಾರೆ, ಭೇದಿ ಇದ್ದರೆ ಕೊಲೈಟಿಸ್ ಇರಬಹುದು, ದಯವಿಟ್ಟು ಈ ನಂಬರಿಗೆ ಮಾತಾಡಿ" ಎಂದೂ ಬರೆ.

• ಕಡಿಮೆ ಡೋಸಿನವರಿಗೂ ಇದೇ ಎಚ್ಚರ. ಮುಂಬಯಿಯ ಟಾಟಾ ಮೆಮೋರಿಯಲ್ ವೈದ್ಯರು ತಲೆ-ಕುತ್ತಿಗೆ ಕ್ಯಾನ್ಸರಿನವರಿಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಬೇರೆ ಔಷಧಗಳೊಂದಿಗೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರು ನೂರಕ್ಕೆ 16 ಇದ್ದದ್ದು 43ಕ್ಕೆ ಏರಿದ್ದನ್ನು 2022ರಲ್ಲಿ ಪ್ರಕಟಿಸಿದರು. ದುಡ್ಡಿಲ್ಲದವರ ಪಾಲಿಗೆ ಇದು ದೊಡ್ಡ ಸುದ್ದಿ. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆದ ನಿಮ್ಮ ಊರಿನವರು ಯಾರಾದರೂ ಈ ಚಿಕಿತ್ಸೆಯಲ್ಲಿದ್ದರೆ ಈ ಕಾಗದವನ್ನು ಅವರ ಮನೆಗೂ ಕೊಡು. ಡೋಸ್ ಸಣ್ಣದೆಂದು ಭೇದಿಯನ್ನು ಅಲಕ್ಷ್ಯ ಮಾಡದಿರಲಿ.

ಮೊದಲ ಡೋಸಿಗೆ ಹೋಗುವಾಗ ಡೇ ಕೇರ್ ಸಿಸ್ಟರ ಹತ್ತಿರ ಒಂದೇ ಪ್ರಶ್ನೆ ಕೇಳು: "ರಾತ್ರಿ ಹೊತ್ತು ಹೊಟ್ಟೆ ಕೆಟ್ಟರೆ ಯಾವ ನಂಬರಿಗೆ ಫೋನ್ ಮಾಡಬೇಕು?" ಅವರು ಹೇಳಿದ ನಂಬರಿಗೆ ಅಲ್ಲೇ ನಿಂತು ಒಂದು ಸಲ ಫೋನ್ ಮಾಡಿ, ಆ ಕಡೆ ಯಾರಾದರೂ ಎತ್ತುತ್ತಾರೆಂದು ಖಾತ್ರಿ ಮಾಡಿಕೊಂಡು ಬಾ.